ಹಾರ್ಡ್ ಡಿಸ್ಕಿನ ವಾರಂಟಿ: ಯಾರು ಕೊಟ್ಟ ಮಾತು, ಯಾವ ದಿನದವರೆಗೆ?

ಕಳೆದ ತಿಂಗಳ ಒಂದು ಜುಮಾ ಬಯಾನ್‌ನಲ್ಲಿ ಸರಕಿನ ಐಬು ಮುಚ್ಚಿಟ್ಟು ಮಾರುವುದರ ಬಗ್ಗೆ ಮಾತಾಡಿದ್ದೆವು. ಪ್ರವಾದಿ(ಸ)ರವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ್ದು, ಮೇಲೆ ಒಣಗಿದ ಕಾಳು, ಒಳಗೆ ಒದ್ದೆ ಕಾಳು ಸಿಕ್ಕಿದ್ದು, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಸಿಂಧನೂರಿನಲ್ಲಿ ಭತ್ತದ ವ್ಯಾಪಾರ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀಲದೊಳಗೆ ಕೈ ಹಾಕಿದರೆ ತೇವ ಎಷ್ಟಿದೆ ಎಂದು ಬೆರಳೇ ಹೇಳುತ್ತದೆ.

ನಮಾಜ್ ಮುಗಿದ ಮೇಲೆ ಮಸ್ಕಿ ಕಡೆ ಮದುವೆ ಫೋಟೊ, ವಿಡಿಯೊ ಮಾಡುವ ಒಬ್ಬ ಯುವಕ ಕರವಸ್ತ್ರದಲ್ಲಿ ಸುತ್ತಿದ ಹಾರ್ಡ್ ಡಿಸ್ಕ್ ಹಿಡಿದು ಬಂದ. “ಹಜರತ್, ಇದರೊಳಗ ಕೈ ಹಾಕಿ ನೋಡೂದು ಹ್ಯಾಂಗ್ರಿ? ಆನ್‌ಲೈನ್‌ನಾಗ ತರಿಸಿದ್ದೆ. ಮೂರು ವರ್ಷ ವಾರಂಟಿ ಅಂತ ಬರ್ದಿದ್ರು. ಐದು ತಿಂಗಳಿಗೆ ಹೋತು. ಈಗ ಕಂಪನಿಯವರು ಇದು ನಮ್ಮ ವಾರಂಟಿದಲ್ಲ ಅಂತಾರ” ಎಂದ. ಅದರಲ್ಲಿ ಮೂರು ನಿಕಾಹ್‌ಗಳ ವಿಡಿಯೊ ಇತ್ತು. ಒಂದನ್ನಷ್ಟೇ ಬೇರೆ ಕಡೆ ಉಳಿಸಿಕೊಂಡಿದ್ದ. ಉಳಿದ ಎರಡು ಮನೆಯವರಿಗೆ ಏನು ಹೇಳುವುದು ಎಂಬ ಚಿಂತೆ ಅವನಿಗೆ ಡಿಸ್ಕಿನ ಹಣಕ್ಕಿಂತ ದೊಡ್ಡದಾಗಿತ್ತು.

ಆ ದಿನ ಅವನಿಗೆ ಪೂರ್ತಿ ಉತ್ತರ ಕೊಡಲು ನಮಗೆ ಆಗಲಿಲ್ಲ. ಆಮೇಲೆ ಲಿಂಗಸುಗೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಮ್ಮ ಜಮಾಅತ್‌ನ ಒಬ್ಬರ ಜೊತೆ ಎರಡು ಸಂಜೆ ಕೂತು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಈಗ ಮಸೀದಿಯ ಸಿಸಿಟಿವಿ, ಮದರಸಾದ ಲೆಕ್ಕ, ಮನೆಯ ಫೋಟೊಗಳು ಎಲ್ಲವೂ ಇಂಥ ಡಬ್ಬಿಯೊಳಗೇ ಇವೆಯಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಆನ್‌ಲೈನ್ ಅಂಗಡಿಯವರು ಕೊಡುವ ವಾಪಸಾತಿ ಗಡುವು ಬೇರೆ, ವಾರಂಟಿ ಬೇರೆ. ವಾಪಸಾತಿ ಎಂದರೆ ಏಳೋ ಹತ್ತೋ ದಿನದ ಮಾತು, ಅದು ಅಂಗಡಿಯದು. ವಾರಂಟಿ ವರ್ಷಗಳ ಮಾತು. ಆ ಮಾತು ಕೊಟ್ಟವರು ಯಾರು ಎಂಬುದೇ ಮುಖ್ಯ. ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಮುಂತಾದ ತಯಾರಕರು ಕೊಟ್ಟಿದ್ದರೆ ಅದು ತಯಾರಕರ ವಾರಂಟಿ. ಪುಟದಲ್ಲಿ ‘ಸೆಲ್ಲರ್ ವಾರಂಟಿ’ ಎಂದಿದ್ದರೆ ಮಾರಿದವನದು ಮಾತ್ರ. ಅವನು ನಾಳೆ ಅಂಗಡಿ ಮುಚ್ಚಿದರೆ ಆ ಮಾತೂ ಮುಚ್ಚಿತು. ಇನ್ನೊಂದು ವಿಷಯ, ದೊಡ್ಡ ಹೆಸರಿನ ಆ್ಯಪ್‌ನಲ್ಲಿ ಕೊಂಡರೂ ಮಾರುವವರು ಬಹಳ ಸಲ ಬೇರೆ ಯಾರೋ ಆಗಿರುತ್ತಾರೆ. ಆ್ಯಪ್ ಎಂಬುದು ಸಂತೆಯ ಮೈದಾನ ಇದ್ದಂತೆ, ಬುಟ್ಟಿ ಇಟ್ಟುಕೊಂಡು ಕೂತವರು ಬೇರೆ. ಅವರ ಹೆಸರು, ವಿಳಾಸ ಅದೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೊಳ್ಳುವ ಮುಂಚೆ ಅದರ ಫೋಟೊ ತೆಗೆದಿಡಿ.

ಇನ್ನು ಡಿಸ್ಕು ಹೊಸದೇ ಆಗಿದ್ದರೂ ವಾರಂಟಿ ಇಲ್ಲದಿರಲು ಎರಡು ದಾರಿಗಳಿವೆ. ತಯಾರಕರು ಕೆಲವು ಡಿಸ್ಕುಗಳನ್ನು ಕಂಪ್ಯೂಟರ್ ತಯಾರಿಸುವ ಕಂಪನಿಗಳಿಗೆ ಸಗಟಾಗಿ ಮಾರುತ್ತಾರೆ. ಅವುಗಳ ಹೊಣೆ ಆ ಕಂಪನಿಯದು. ಅಂಥವು ಹೇಗೋ ಹೊರಬಂದು ಬಿಡಿಯಾಗಿ ಮಾರಾಟವಾದಾಗ ಡಿಸ್ಕ್ ತಯಾರಕರು ‘ಕೊಂಡಲ್ಲಿಯೇ ಕೇಳಿ’ ಎನ್ನುತ್ತಾರೆ. ಎರಡನೆಯದು ಬೇರೆ ದೇಶದ ಸರಕು. ವಾರಂಟಿಗೆ ಬಹಳ ಸಲ ದೇಶದ ಗಡಿ ಇರುತ್ತದೆ. ದುಬೈನಿಂದಲೋ ಜಿದ್ದಾದಿಂದಲೋ ಅಣ್ಣ ತಂದುಕೊಟ್ಟ ಡಿಸ್ಕು ಅಸಲಿಯೇ ಇರಬಹುದು, ಆದರೂ ಇಲ್ಲಿ ವಾರಂಟಿ ನಡೆಯದೆ ಹೋಗಬಹುದು. ಆನ್‌ಲೈನ್‌ನಲ್ಲಿ ಉಳಿದವರಿಗಿಂತ ಬಹಳ ಅಗ್ಗಕ್ಕೆ ಸಿಗುವ ಸರಕಿನಲ್ಲಿ ಇಂಥವು ಸೇರಿಕೊಂಡಿರುತ್ತವೆ. ಭಾರತದಲ್ಲಿ ಸರಿಯಾದ ದಾರಿಯಿಂದ ಬಂದ ಪ್ಯಾಕೆಟ್ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ದೂರು ಹೇಳಲು ಸಂಪರ್ಕ ಇರಲೇಬೇಕೆಂದು ನಿಯಮವಿದೆ. ಆ ಚೀಟಿ ಇಲ್ಲದ ಡಬ್ಬಿ ಬಂದರೆ ಅನುಮಾನಿಸಿ, ವಾಪಸಾತಿ ಗಡುವಿನೊಳಗೇ ಕೇಳಿ.

ಮೂರನೆಯ ಬಗೆ ಬಳಸಿದ ಡಿಸ್ಕು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬೇರೆ ದೇಶಗಳಲ್ಲಿ ಕೆಲಸ ಮುಗಿದ ಯಂತ್ರಗಳಿಂದ ಡಿಸ್ಕು ಬಿಚ್ಚಿ ಇಲ್ಲಿಗೆ ತರುತ್ತಾರೆ. ಹಳೆಯ ಗುರುತು ತೆಗೆದು, ಒರೆಸಿ, ಹೊಸ ಹೆಸರಿನ ಚೀಟಿ ಹಚ್ಚಿ, ತಮ್ಮದೇ ಎರಡು ವರ್ಷದ ವಾರಂಟಿ ಎಂದು ಮಾರುವವರಿದ್ದಾರೆ. ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಕಂಪನಿಗಳು ಇದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿದ್ದವು. 2024ರ ಮೇ ತಿಂಗಳಲ್ಲಿ ತೀರ್ಪು ಬಂತು. ಬಳಸಿದ ಡಿಸ್ಕನ್ನು ಸರಿಪಡಿಸಿ ಮಾರುವುದೇ ತಪ್ಪು ಎಂದು ನ್ಯಾಯಾಲಯ ಹೇಳಲಿಲ್ಲ. ಮುಚ್ಚಿಟ್ಟು ಮಾರುವಂತಿಲ್ಲ ಎಂದಿತು. ಮೂಲ ತಯಾರಕರು ಯಾರು, ಇದು ಬಳಸಿ ಸರಿಪಡಿಸಿದ ಸರಕು, ಇದಕ್ಕೆ ಮೂಲ ಕಂಪನಿಯ ವಾರಂಟಿಯಾಗಲಿ ಸೇವೆಯಾಗಲಿ ಇಲ್ಲ ಎಂಬುದನ್ನು ಪ್ಯಾಕೆಟ್ ಮೇಲೆ, ಜಾಹೀರಾತಿನಲ್ಲಿ ಬರೆದೇ ಮಾರಬೇಕು. ಧಾನ್ಯದ ರಾಶಿಯ ಮಾತೂ ಇದೇ ಅಲ್ಲವೇ? ಒದ್ದೆ ಕಾಳನ್ನು ಮಾರಬೇಡ ಎಂದಲ್ಲ, ಮೇಲೆ ಇಡು ಎಂದು. ನಮ್ಮ ಊರುಗಳಲ್ಲಿ ಹಳೆ ಕಂಪ್ಯೂಟರ್ ಮಾರಿ ಹೊಟ್ಟೆ ಹೊರೆಯುವ ಹುಡುಗರು ಬಹಳಿದ್ದಾರೆ. ಅವರ ರೋಜಿ ಹಲಾಲ್ ಆಗಲು ‘ಇದು ಹಳೆಯ ಡಿಸ್ಕು’ ಎಂದು ಬಿಲ್ಲಿನ ಮೇಲೆ ಒಂದು ಸಾಲು ಬರೆದರೆ ಸಾಕು. ಫಿಕ್ಹ್‌ನಲ್ಲಿ ಇದಕ್ಕೆ ಖಿಯಾರೆ ಐಬ್ ಎಂಬ ಪಾಠವೇ ಇದೆ: ಮಾರುವಾಗಲೇ ಇದ್ದ, ಕೊಳ್ಳುವವನಿಗೆ ತಿಳಿಸದ ದೋಷ ಆಮೇಲೆ ಹೊರಬಿದ್ದರೆ ಸರಕು ಹಿಂದಿರುಗಿಸುವ ಹಕ್ಕು ಕೊಂಡವನದು.

ಈಗ ಮಸ್ಕಿಯ ಯುವಕನ ಪ್ರಶ್ನೆ. ಇದರೊಳಗೆ ಕೈ ಹಾಕುವುದು ಹೇಗೆ?

ಡಿಸ್ಕಿನ ಚೀಟಿಯ ಮೇಲೆ ಸೀರಿಯಲ್ ನಂಬರ್ ಇರುತ್ತದೆ. ಡಬ್ಬಿಯ ಮೇಲೂ ಇರುತ್ತದೆ. ಕಂಪ್ಯೂಟರಿಗೆ ಜೋಡಿಸಿ ‘ಕ್ರಿಸ್ಟಲ್ ಡಿಸ್ಕ್ ಇನ್ಫೊ’ ಎಂಬ ಉಚಿತ ತಂತ್ರಾಂಶ ತೆರೆದರೆ ಒಳಗೆ ಬರೆದಿರುವ ನಂಬರೂ ಕಾಣುತ್ತದೆ. ಬಿಡಿ ಡಿಸ್ಕಾದರೆ ಮೂರೂ ಒಂದೇ ಆಗಿರಬೇಕು. ಯುಎಸ್‌ಬಿ ವೈರ್ ಹಾಕಿ ಬಳಸುವ ಹೊರ ಡಿಸ್ಕಾದರೆ ಮೇಲಿನ ಕವಚದ ನಂಬರೇ ವಾರಂಟಿಗೆ ಲೆಕ್ಕ. ಕವಚ ಒಡೆದು ಒಳಗಿನದನ್ನು ಬಿಡಿಯಾಗಿ ಬಳಸಿದರೆ ವಾರಂಟಿ ಕಳೆದುಕೊಂಡಂತೆ.

ಆಮೇಲೆ ತಯಾರಕರ ಸ್ವಂತ ವೆಬ್‌ಸೈಟಿಗೆ ಹೋಗಿ, ವಾರಂಟಿ ಪರಿಶೀಲಿಸುವ ಪುಟದಲ್ಲಿ ಆ ನಂಬರ್ ಹಾಕಬೇಕು. ದೇಶ ಕೇಳಿದರೆ ಭಾರತ ಎಂದು ಆರಿಸಿ. ವಿಳಾಸವನ್ನು ಡಬ್ಬಿ ನೋಡಿ ನೀವೇ ಟೈಪ್ ಮಾಡಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿ ಬ್ಯಾಂಕಿನ ಹಣ ಕಳೆದುಕೊಂಡವರು ನಮ್ಮ ಮೊಹಲ್ಲಾದಲ್ಲೇ ಇದ್ದಾರೆ. ವಾರಂಟಿ ನೋಡಲು ಯಾರಿಗೂ ಒಟಿಪಿ ಹೇಳಬೇಕಾಗಿಲ್ಲ, ಹಣವನ್ನೂ ಕೊಡಬೇಕಾಗಿಲ್ಲ.

ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ಇಂಥ ದಿನದವರೆಗೆ ವಾರಂಟಿ ಇದೆ, ಅಥವಾ ಮುಗಿದಿದೆ, ಅಥವಾ ಇದನ್ನು ಬೇರೆ ಕಂಪನಿಗೆ ಇಲ್ಲವೇ ಬೇರೆ ಪ್ರದೇಶಕ್ಕೆ ಮಾರಲಾಗಿತ್ತು. ನಂಬರೇ ಸಿಗದಿದ್ದರೆ ಅದು ಇನ್ನೂ ಕೆಟ್ಟ ಸೂಚನೆ. ತಾರೀಖು ಇದ್ದರೆ ಲೆಕ್ಕ ಹಾಕಿ ನೋಡಿ. ಮೂರು ವರ್ಷದ ಡಿಸ್ಕು ನಿನ್ನೆ ಕೊಂಡಿದ್ದು, ಉಳಿದಿರುವುದು ಒಂದೇ ವರ್ಷ ಎಂದು ತೋರಿಸಿದರೆ ಏನೋ ಇದೆ. ಕೆಲವು ತಿಂಗಳ ವ್ಯತ್ಯಾಸ ಗೋದಾಮಿನಲ್ಲಿ ಕಳೆದ ಕಾಲ ಇರಬಹುದು. ಬಿಲ್ ಕಳಿಸಿ ತಾರೀಖು ತಿದ್ದಿಕೊಡಿ ಎಂದು ಕೇಳಬಹುದು. ಎರಡು ವರ್ಷದ ವ್ಯತ್ಯಾಸ ಗೋದಾಮಿನದಲ್ಲ.

ಅದೇ ತಂತ್ರಾಂಶದಲ್ಲಿ ಡಿಸ್ಕು ಒಟ್ಟು ಎಷ್ಟು ಗಂಟೆ ಓಡಿದೆ ಎಂದೂ ಬರೆದಿರುತ್ತದೆ. ಹೊಸದಾದರೆ ಸೊನ್ನೆ ಅಥವಾ ಬೆರಳೆಣಿಕೆಯ ಗಂಟೆಗಳು. ವರ್ಷಕ್ಕೆ 8,760 ಗಂಟೆ. 26,000 ಎಂದು ತೋರಿಸಿದರೆ ಹಗಲು ರಾತ್ರಿ ಮೂರು ವರ್ಷ ದುಡಿದ ಡಿಸ್ಕು ಅದು. ಆದರೆ ಈ ಲೆಕ್ಕವನ್ನೂ ಅಳಿಸುವವರಿದ್ದಾರೆ. 2025ರ ಜನವರಿಯಲ್ಲಿ ಜರ್ಮನಿಯ ಹೈಸೆ ಎಂಬ ಪ್ರಕಾಶನ ಸಂಸ್ಥೆ, ಹೊಸದೆಂದು ಮಾರಾಟವಾದ ಸೀಗೇಟ್ ಡಿಸ್ಕುಗಳು ಹತ್ತು ಸಾವಿರಕ್ಕೂ ಹೆಚ್ಚು ಗಂಟೆ ಓಡಿದ್ದವೆಂದು ಹೊರಗೆಡಹಿತು. ಸಾಮಾನ್ಯ ಎಣಿಕೆಯಲ್ಲಿ ಸೊನ್ನೆ ಕಾಣುತ್ತಿತ್ತು. ಆದರೆ ಕಂಪನಿ ತನ್ನ ಡಿಸ್ಕಿನೊಳಗೆ ಇಡುವ ‘ಫಾರ್ಮ್’ ಎಂಬ ಇನ್ನೊಂದು ದಾಖಲೆಯಲ್ಲಿ ನಿಜ ಉಳಿದಿತ್ತು. ಆ ದಾಖಲೆ ಓದಲು ‘ಸ್ಮಾರ್ಟ್‌ಮನ್‌ಟೂಲ್ಸ್’ ಎಂಬ ಉಚಿತ ತಂತ್ರಾಂಶ ಬೇಕು. ನಮ್ಮಂಥವರ ಕೈಲಿ ಆಗದ ಕೆಲಸ, ಮನೆಯ ಎಂಜಿನಿಯರಿಂಗ್ ಹುಡುಗನಿಗೆ ಹೇಳಿ. ಇಷ್ಟನ್ನೂ ಪಾರ್ಸೆಲ್ ಬಂದ ದಿನವೇ ಮಾಡಬೇಕು. ಒಡೆಯುವಾಗ ಮೊಬೈಲಿನಲ್ಲಿ ವಿಡಿಯೊ ಇರಲಿ. ಅಂದಹಾಗೆ, 4 ಟಿಬಿ ಡಿಸ್ಕು ಕಂಪ್ಯೂಟರಿನಲ್ಲಿ 3.63 ಎಂದು ಕಂಡರೆ ಗಾಬರಿ ಬೇಡ. ಅದು ಎಣಿಸುವ ರೀತಿಯ ವ್ಯತ್ಯಾಸವೇ ಹೊರತು ಮೋಸವಲ್ಲ.

ಮಸ್ಕಿಯ ಯುವಕನ ಡಿಸ್ಕಿನ ನಂಬರ್ ಹಾಕಿ ನೋಡಿದಾಗ ಅದು ಕಂಪ್ಯೂಟರ್ ಕಂಪನಿಗೆ ಮಾರಿದ್ದ ಸರಕು ಎಂದು ಬಂತು. ಐದು ತಿಂಗಳ ಹಿಂದೆಯೇ ಎರಡು ನಿಮಿಷ ಕೊಟ್ಟಿದ್ದರೆ ಅದೇ ಉತ್ತರ ಅಂದೇ ಸಿಗುತ್ತಿತ್ತು. ಇನ್ನೊಂದು ತೊಡಕೂ ಇತ್ತು. ಖಾತೆ ಅವನದಲ್ಲ, ಚಿಕ್ಕಪ್ಪನ ಮಗನದು. ಬಿಲ್ ಅವನ ಹೆಸರಲ್ಲಿದೆ, ಅವನು ಈಗ ಸೌದಿಯಲ್ಲಿದ್ದಾನೆ, ಹಳೆಯ ಸಿಮ್ ಬಂದ್ ಆಗಿದೆ. ಬಿಲ್ ತೆಗೆಯಲಿಕ್ಕೇ ಒಂದು ವಾರ ಹಿಡಿಯಿತು. ಬಳಸುವವರ ಹೆಸರಲ್ಲೇ ಬಿಲ್ ಮಾಡಿಸಿ. ಅಂಗಡಿಯ ಚೀಟಿಯಾದರೆ ನಮ್ಮ ಬಿಸಿಲಿಗೆ ಒಂದು ಬೇಸಿಗೆಯಲ್ಲಿ ಅಕ್ಷರ ಮಾಸಿಹೋಗುತ್ತದೆ, ಅದೇ ದಿನ ಫೋಟೊ ತೆಗೆಯಿರಿ.

ಮಾರಿದವರು ಕೇಳದಿದ್ದರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದೇ ತಿಂಗಳು ಆನ್‌ಲೈನ್ ವ್ಯಾಪಾರದ ನಿಯಮಗಳೂ ಬಂದವು. ಆ ನಿಯಮದಂತೆ ಆ್ಯಪ್‌ನವರು ದೂರು ಅಧಿಕಾರಿಯನ್ನು ನೇಮಿಸಿರಬೇಕು. ದೂರು ತಲುಪಿತೆಂದು 48 ಗಂಟೆಯಲ್ಲಿ ಹೇಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಈ ನಂಬರ್ ನೆನಪಿಡುವುದು ಮಸ್ಕಿಯವರಿಗೆ ಸುಲಭ. ಅಶೋಕನ ಹೆಸರಿರುವ ಶಾಸನ ಮಸ್ಕಿಯ ಬಂಡೆಯ ಮೇಲೆ ಪತ್ತೆಯಾದ ಇಸವಿಯೂ 1915. ಎರಡು ಸಾವಿರ ವರ್ಷಕ್ಕೂ ಮೀರಿ ಉಳಿದ ಆ ಬರಹಕ್ಕೆ ಯಾರೂ ವಾರಂಟಿ ಕೊಟ್ಟಿರಲಿಲ್ಲ ಎಂದು ಲಿಂಗಸುಗೂರಿನ ರಿಪೇರಿಯವರು ನಕ್ಕರು. ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. ಮಾರಿದವರು ದೆಹಲಿಯವರಾದರೂ ನೀವು ಇರುವ ಜಿಲ್ಲೆಯಲ್ಲೇ, ಅಂದರೆ ರಾಯಚೂರಿನಲ್ಲೇ ದಾವೆ ಹಾಕಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು.

ವಾರಂಟಿ ಕೊಡುವುದು ಡಿಸ್ಕಿಗೆ ಬದಲು ಡಿಸ್ಕು ಮಾತ್ರ, ಅದೂ ಸರಿಪಡಿಸಿದ್ದೇ ಬರಬಹುದು. ಒಳಗಿನ ನಿಕಾಹ್ ವಿಡಿಯೊಗೆ, ಅಬ್ಬಾಜಾನ್ ಅವರ ಕೊನೆಯ ಫೋಟೊಗೆ ಅದರಲ್ಲಿ ಜಾಗವಿಲ್ಲ. ಬೇಕಾದದ್ದನ್ನು ಎರಡು ಕಡೆ ಇಡುವುದೊಂದೇ ಉಪಾಯ. ಇನ್ನೂ ಒಂದು ಮಾತು, ಇದನ್ನು ನಮ್ಮ ಹೆಣ್ಣುಮಕ್ಕಳೇ ಕೇಳಿದರು. ಕೆಟ್ಟ ಡಿಸ್ಕನ್ನು ಕಂಪನಿಗೆ ಕಳಿಸಿದರೆ ಅದರಲ್ಲಿರುವ ಮನೆಯ ಫೋಟೊಗಳ ಗತಿ ಏನು? ಅದು ಮರಳಿ ಬರುವುದಿಲ್ಲ. ಓಡುತ್ತಿದ್ದರೆ ಪೂರ್ತಿ ಅಳಿಸಿ ಕಳಿಸಬಹುದು. ಸತ್ತ ಡಿಸ್ಕನ್ನು ಅಳಿಸಲಾಗದು. ಆದ್ದರಿಂದ ಖಾಸಗಿ ಫೋಟೊ ಇಡುವ ಡಿಸ್ಕಿಗೆ ಮೊದಲ ದಿನವೇ ‘ಬಿಟ್‌ಲಾಕರ್’ನಂಥ ಬೀಗ ಹಾಕಿ. ಹಾಕಿಲ್ಲ, ಡಿಸ್ಕೂ ಸತ್ತಿದೆ ಎಂದಾದರೆ ವಾರಂಟಿ ಇದ್ದರೂ ಕಳಿಸದೆ ಉಳಿಸಿಕೊಳ್ಳುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ನಾಲ್ಕೈದು ಸಾವಿರ ಹೋಗಲಿ.

“ಹಜರತ್, ಕೈಜಾರಿ ಬಿದ್ದಿತ್ತು ಅಂತ ಕಂಪನಿಗೆ ಹೇಳ್ಬೇಕೇನ್ರಿ? ಹೇಳಿದ್ರ ವಾರಂಟಿ ಕೊಡೂದಿಲ್ಲ” ಎಂದು ಇನ್ನೊಬ್ಬರು ಕೇಳಿದ್ದರು. ಬಿದ್ದ ಡಿಸ್ಕಿಗೆ ವಾರಂಟಿ ಇಲ್ಲ ಎಂಬುದು ಕೊಳ್ಳುವಾಗಲೇ ಒಪ್ಪಿದ ಷರತ್ತು. ಫಾರಂನಲ್ಲಿ ತಾನಾಗೇ ಕೆಟ್ಟಿತು ಎಂದು ಬರೆದರೆ ಈ ಸಲ ಒದ್ದೆ ಕಾಳು ಅಡಿಗೆ ಇಟ್ಟವರು ನಾವೇ ಆಗುತ್ತೇವೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತು ಫಾರಂ ಮಡಚಿ ಜೇಬಿಗೆ ಹಾಕಿಕೊಂಡರು.

ಮಸೀದಿಯ ಸಿಸಿಟಿವಿಗೆ ಮೊದಲು ಯಾರೋ ಮನೆ ಕಂಪ್ಯೂಟರಿನ ಡಿಸ್ಕು ಹಾಕಿದ್ದರು. ಹಗಲು ರಾತ್ರಿ ಬರೆಯುವ ಕೆಲಸಕ್ಕೆ ವೆಸ್ಟರ್ನ್ ಡಿಜಿಟಲ್ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥ ಬೇರೆಯೇ ಡಿಸ್ಕುಗಳಿವೆ. ಅವಕ್ಕೆ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ. ಈಗ ಅಂಥದ್ದನ್ನೇ ತರಿಸಿದ್ದೇವೆ. ಬಂದ ದಿನವೇ ಸೀರಿಯಲ್ ನಂಬರ್ ಹಾಕಿ ನೋಡಿ, ಕೊನೆಯ ತಾರೀಖನ್ನು ಮಸೀದಿಯ ರಿಜಿಸ್ಟರಿನಲ್ಲಿ ಕರೆಂಟ್ ಬಿಲ್ಲಿನ ಪುಟದ ಪಕ್ಕದಲ್ಲಿ ಬರೆಸಿದ್ದೇವೆ. ಬಿಲ್ ಮಸೀದಿ ಕಮಿಟಿಯ ಹೆಸರಿನಲ್ಲಿದೆ.