ಎರಡು ಸಿಪ್ರೋ ಕೊಡಿ ಅಣ್ಣಾ

ಡೊಂಬಿವಲಿಯ ನಮ್ಮ ಮೆಡಿಕಲ್‌ಗೆ ರಾತ್ರಿ ಹೋಟೆಲಿನ ಹುಡುಗರು ಬಂದರೆ ಮಾತು ಒಂದೇ: "ಹೊಟ್ಟೆ ಕೆಟ್ಟಿದೆ, ಎರಡು ಸಿಪ್ರೋ ಕೊಡಿ ಅಣ್ಣಾ." ರಜೆ ಹಾಕಿದರೆ ಸಂಬಳ ಕಟ್, ಡಾಕ್ಟರ ಫೀಸು ಬೇರೆ. ಹಿಂದೆ ನಾನೂ ಚೀಟಿ ಇಲ್ಲದೆ ಕೊಟ್ಟಿದ್ದೇನೆ, ಮುಚ್ಚಿಡುವುದೇನು?

ಸಿಪ್ರೋಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಎಲ್ಲ ಫ್ಲೋರೋಕ್ವಿನೊಲೋನ್ ಎಂಬ ಒಂದೇ ಮನೆತನದವು. ಬ್ಯಾಕ್ಟೀರಿಯಾ ಎರಡಾಗಬೇಕಾದರೆ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳಬೇಕು. ಹುರಿಗೊಂಡ ಆ ಎಳೆಯನ್ನು ಕತ್ತರಿಸಿ, ಸಿಕ್ಕು ಬಿಡಿಸಿ, ಮತ್ತೆ ಜೋಡಿಸುವ ಕಿಣ್ವದ ಹೆಸರು ಗೈರೇಸ್. ಎಳೆ ಕತ್ತರಿಸಿದ ಗಳಿಗೆಯಲ್ಲೇ ಔಷಧ ಅದನ್ನು ಹಿಡಿದುಬಿಡುತ್ತದೆ. ಜೋಡಣೆ ಆಗುವುದಿಲ್ಲ, ರೋಗಾಣು ಸಾಯುತ್ತದೆ. ಮೂತ್ರದ ಸೋಂಕು, ಕೆಲವು ಬಗೆಯ ಭೇದಿ, ನ್ಯುಮೋನಿಯಾಗಳಿಗೆ ವೈದ್ಯರು ಇವನ್ನು ಬರೆಯುತ್ತಾರೆ. ನೆಗಡಿ, ಡೆಂಗಿಯಂಥ ವೈರಸ್ ಕಾಯಿಲೆಗೆ ಉಪಯೋಗವಿಲ್ಲ. ಟೈಫಾಯಿಡ್‌ಗೆ ಒಂದು ಕಾಲದಲ್ಲಿ ಸಿಪ್ರೋ ರಾಮಬಾಣ. ನಮ್ಮ ದೇಶದಲ್ಲಿ ಆ ಬಾಣ ಈಗ ಬಹುಪಾಲು ಮೊಂಡು.

ಆದರೆ ಮುಂಬಯಿಯಲ್ಲಿ ನನ್ನ ಹೆದರಿಕೆ ಕ್ಷಯದ್ದು. ರಿಫಾಂಪಿಸಿನ್, ಐಸೊನಿಯಾಜಿಡ್ ಎರಡಕ್ಕೂ ಜಗ್ಗದ ಟಿ.ಬಿ.ಗೆ ಲೆವೊ ಅಥವಾ ಮಾಕ್ಸಿ ದೊಡ್ಡ ಆಸರೆ. ಒಂದೇ ಖೋಲಿಯಲ್ಲಿ ಎಂಟು ಜನ ಮಲಗುವ ಊರಿದು. ಕೆಮ್ಮಿಗೆಂದು ಐದು ದಿನ ಲೆವೊ ನುಂಗಿದವನಿಗೆ ಇರುವುದು ಟಿ.ಬಿ.ಯೇ ಆದರೆ? ಕೆಮ್ಮು ಕೊಂಚ ತಗ್ಗಿ ರೋಗ ಪತ್ತೆ ತಡವಾಗಬಹುದು. ಗೈರೇಸ್‌ನ ರೂಪ ತುಸು ಬದಲಾದ ರೋಗಾಣುಗಳು ಉಳಿದು ಬೆಳೆಯುತ್ತವೆ. ಆಮೇಲೆ ಆ ಆಸರೆಯೂ ಇಲ್ಲ.

2011ರ ಕೊನೆಗೆ ಮಾಹಿಮ್‌ನ ಹಿಂದುಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು, ಪರೀಕ್ಷಿಸಿದ ಯಾವ ಮದ್ದಿಗೂ ಬಗ್ಗದ ಟಿ.ಬಿ.ಯ ನಾಲ್ವರು ರೋಗಿಗಳ ಬಗ್ಗೆ ಬರೆದರು. ಅವರಲ್ಲಿ ಮೂವರು ಹಲವು ಖಾಸಗಿ ವೈದ್ಯರ ಹತ್ತಿರ ಅಲೆದು, ಒಂದೊಂದೇ ಮದ್ದನ್ನು ತಪ್ಪು ಪ್ರಮಾಣದಲ್ಲಿ ತೆಗೆದುಕೊಂಡಿದ್ದರು.

2014ರ ಮಾರ್ಚ್‌ನಿಂದ ಲೆವೊ, ಮಾಕ್ಸಿ ಶೆಡ್ಯೂಲ್ ಎಚ್1ರಲ್ಲಿವೆ. ರೋಗಿಯ, ಡಾಕ್ಟರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಸಿಪ್ರೋಗೆ ಆ ರಿಜಿಸ್ಟರ್ ಬೇಡ, ಚೀಟಿಯಂತೂ ಬೇಕೇ ಬೇಕು. ದಿನವಿಡೀ ನಿಂತು ಕೆಲಸ ಮಾಡುವವರಿಗೆ ಇನ್ನೊಂದು ಮಾತು: ಈ ಮಾತ್ರೆ ತೆಗೆದುಕೊಳ್ಳುವಾಗ ಹಿಮ್ಮಡಿಯ ಮೇಲೆ ನೋವು ಬಂದರೆ ನಿಲ್ಲಿಸಿ, ಕೂಡಲೇ ವೈದ್ಯರಿಗೆ ತೋರಿಸಿ. ಅಲ್ಲಿನ ನರದಂಥ ಕಟ್ಟು ಹರಿದುಹೋಗುವುದುಂಟು.

ಈಗ ಭೇದಿ ಎಂದು ಬಂದವರಿಗೆ ಓಆರ್‌ಎಸ್ ಕೊಡುತ್ತೇನೆ. ರಕ್ತ, ಜ್ವರ ಇದ್ದರೆ ಡಾಕ್ಟರ ಹತ್ತಿರ ಕಳಿಸುತ್ತೇನೆ. ಎರಡು ವಾರ ದಾಟಿದ ಕೆಮ್ಮಾದರೆ ಸರಕಾರಿ ದವಾಖಾನೆಯ ದಾರಿ ತೋರಿಸುತ್ತೇನೆ. ಕಫ ಪರೀಕ್ಷೆ, ಟಿ.ಬಿ. ಮದ್ದು ಎರಡೂ ಅಲ್ಲಿ ಉಚಿತ. ಕೆಲವರು ಸಿಟ್ಟಾಗಿ ಎದುರಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಿಗುತ್ತದೆ ಎಂಬುದೂ ನನಗೆ ಗೊತ್ತು.