ಆಪರೇಶನ್ನಿಗೆ ಮುನ್ನ ಒಂದು ಸ್ಟಿರಾಯ್ಡ್ ಚುಚ್ಚುಮದ್ದು: ಹೆದರಬೇಕೇ?

ಸ್ಟಿರಾಯ್ಡ್ ಎಂಬ ಪದ ಕೇಳಿದೊಡನೆ ನಮ್ಮಲ್ಲಿ ಅನೇಕರಿಗೆ ಭಯ. ಮುಖ ಊದುವುದು, ಮೂಳೆ ಸವೆಯುವುದು, ಸಕ್ಕರೆ ಏರುವುದು ನೆನಪಾಗುತ್ತದೆ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಕಾಲಕ್ಕೆ ಕಪ್ಪು ಶಿಲೀಂಧ್ರ ರೋಗ ಹಬ್ಬಿದಾಗ, ಮಿತಿಮೀರಿದ ಸ್ಟಿರಾಯ್ಡ್ ಬಳಕೆಯತ್ತ ವೈದ್ಯರೇ ಬೊಟ್ಟು ಮಾಡಿದ ಮೇಲಂತೂ ಈ ಭಯ ಗಟ್ಟಿಯಾಗಿದೆ. ಹೀಗಿರುವಾಗ ಗರ್ಭಕೋಶದ ಗಡ್ಡೆಗೋ ಅಂಡಾಶಯದ ನೀರುಗುಳ್ಳೆಗೋ ಲ್ಯಾಪ್ರೊಸ್ಕೋಪಿ ಮಾಡಿಸಲು ಹೊರಟ ತಾಯಂದಿರಿಗೆ ಒಂದು ಸ್ಟಿರಾಯ್ಡ್ ಕೂಡ ಕೊಡುತ್ತಾರೆಂದರೆ ಮನೆಮಂದಿ ಗಾಬರಿಯಾಗುವುದು ಸಹಜ. ಬೇಡ ಎನ್ನುವ ಮುನ್ನ ವಿಷಯ ತಿಳಿದಿರಲಿ ಎಂದು ಈ ಲೇಖನ.

ಈ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯುವುದಿಲ್ಲ. ಇಂಗಾಲದ ಡೈಆಕ್ಸೈಡ್ ತುಂಬಿಸಿ ಹೊಟ್ಟೆಯನ್ನು ಉಬ್ಬಿಸಿ, ಸಣ್ಣ ರಂಧ್ರಗಳ ಮೂಲಕ ಕ್ಯಾಮರಾ ಮತ್ತು ಉಪಕರಣಗಳನ್ನು ಇಳಿಸುತ್ತಾರೆ. ಗಾಯ ಚಿಕ್ಕದಾದರೂ ತೊಂದರೆ ಚಿಕ್ಕದೆಂದಲ್ಲ. ಉಳಿದ ಅನಿಲ ವಪೆಯನ್ನು ಕೆರಳಿಸುವುದರಿಂದ ಹೊಟ್ಟೆಯ ಆಪರೇಶನ್ ಆದವರಿಗೆ ಭುಜ ನೋಯುತ್ತದೆ! ಅದಕ್ಕಿಂತ ಹೆಚ್ಚು ಕಾಡುವುದು ವಾಕರಿಕೆ ಮತ್ತು ವಾಂತಿ. ಹೆಂಗಸರಿಗೆ, ಧೂಮಪಾನ ಮಾಡದವರಿಗೆ, ಬಸ್ಸಿನಲ್ಲಿ ಕುಳಿತರೆ ವಾಂತಿ ಬರುವವರಿಗೆ, ಅಫೀಮು ಜಾತಿಯ ನೋವಿನ ಔಷಧ ಪಡೆಯುವವರಿಗೆ ಇದು ಹೆಚ್ಚು. ನಮ್ಮ ಮನೆಗಳ ಹೆಂಗಸರಲ್ಲಿ ಹಲವರು ಈ ಪಟ್ಟಿಯ ಮೂರು ನಾಲ್ಕು ಅಂಶಗಳಿಗೆ ಹೊಂದುತ್ತಾರೆ. ಬೆಳಿಗ್ಗೆ ದಾಖಲಾಗಿ ಸಂಜೆಗೆ ಮನೆಗೆ ಹೋಗಬೇಕಾದವರು ಗುಟುಕು ನೀರೂ ನಿಲ್ಲದೆ ರಾತ್ರಿ ಆಸ್ಪತ್ರೆಯಲ್ಲೇ ಉಳಿಯುವುದು ಈ ಕಾರಣದಿಂದಲೇ.

ಇಲ್ಲಿ ನೆರವಾಗುವುದು ಡೆಕ್ಸಾಮೆಥಾಸೋನ್. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ, ಕಡಿಮೆ ಬೆಲೆಯ ಹಳೆಯ ಮದ್ದು. ಸಾಮಾನ್ಯವಾಗಿ 4ರಿಂದ 8 ಮಿಲಿಗ್ರಾಂ, ಒಂದೇ ಬಾರಿ, ರಕ್ತನಾಳಕ್ಕೆ ಕೊಡುತ್ತಾರೆ. ಇದು ಕೆಲಸ ಶುರುಮಾಡಲು ಒಂದೆರಡು ಗಂಟೆ ಬೇಕು, ಆದ್ದರಿಂದ ಕೊನೆಯಲ್ಲಿ ಕೊಟ್ಟರೆ ಪ್ರಯೋಜನ ತಡವಾಗುತ್ತದೆ. ಎಚ್ಚರವಿದ್ದಾಗ ಬೇಗನೆ ಚುಚ್ಚಿದರೆ ಗುಪ್ತಾಂಗದ ಸುತ್ತ ಕ್ಷಣಕಾಲ ವಿಪರೀತ ಉರಿ, ತುರಿಕೆ ಬರುವುದುಂಟು. ಹಾಗಾಗಿ ರೋಗಿ ನಿದ್ರೆಗೆ ಜಾರಿದ ಬಳಿಕ, ಕೊಯ್ಯುವ ಮುನ್ನ ಕೊಡುವುದೇ ವಾಡಿಕೆ. ಉರಿಯೂತ ತಗ್ಗಿಸುವ ಗುಣದಿಂದ ನೋವೂ ಸ್ವಲ್ಪ ಇಳಿಯುತ್ತದೆ. ಆದರೆ ನೋವಿನ ವಿಷಯದಲ್ಲಿ ಇದರಿಂದ ಪವಾಡ ನಿರೀಕ್ಷಿಸಬಾರದು.

ಗಾಯ ಕೀವಾಗದೇ? ಬಹಳ ಕಾಲ ವೈದ್ಯರಿಗೂ ಈ ಅಳುಕಿತ್ತು. ಆಸ್ಟ್ರೇಲಿಯಾದವರ ಮುಂದಾಳತ್ವದಲ್ಲಿ ಸುಮಾರು 8,700 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಅದು ಸ್ತ್ರೀರೋಗ ಶಸ್ತ್ರಚಿಕಿತ್ಸೆಗೆ ಮಾತ್ರ ಸೀಮಿತವಾಗಿರಲಿಲ್ಲ. 8 ಮಿಲಿಗ್ರಾಂ ಪಡೆದವರಲ್ಲಿ ಶೇ. 8.1, ಪಡೆಯದವರಲ್ಲಿ ಶೇ. 9.1 ಮಂದಿಗೆ ಗಾಯದ ಸೋಂಕಾಯಿತು. ಅಂದರೆ ಸೋಂಕು ಹೆಚ್ಚಲಿಲ್ಲ. ವಾಕರಿಕೆ-ವಾಂತಿ ಶೇ. 53.9ರಿಂದ 42.2ಕ್ಕೆ ಇಳಿಯಿತು. ಮಧುಮೇಹಿಗಳೂ ಇದರಲ್ಲಿದ್ದರು, ಆದರೆ ಸಕ್ಕರೆ ತೀರಾ ಹತೋಟಿ ತಪ್ಪಿದವರನ್ನು ಸೇರಿಸಿಕೊಂಡಿರಲಿಲ್ಲ. ಈ ಮಾತನ್ನು ನಾವು ಒತ್ತಿ ಹೇಳುತ್ತೇವೆ, ಏಕೆಂದರೆ ಒಂದು ಡೋಸ್ ಕೂಡ ಮೊದಲ ದಿನ ಸಕ್ಕರೆಯನ್ನು ಏರಿಸಬಲ್ಲದು.

ಆದ್ದರಿಂದ ಅರಿವಳಿಕೆ ತಜ್ಞರು ಕೇಳಲಿ ಎಂದು ಕಾಯದೆ ಸಕ್ಕರೆ ಕಾಯಿಲೆ, ಹೊಟ್ಟೆಹುಣ್ಣು, ಹಿಂದಿನ ಆಪರೇಶನ್ನಿನಲ್ಲಿ ಆದ ವಾಂತಿ ಎಲ್ಲವನ್ನೂ ಹೇಳಿಬಿಡಿ. ಉಬ್ಬಸ, ಸಂಧಿವಾತಗಳಿಗೆ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ನುಂಗುತ್ತಿರುವವರ ಸಂಗತಿಯೇ ಬೇರೆ. ಅವರ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತಿರುತ್ತದೆ. ಆಪರೇಶನ್ ಇದೆಯೆಂದು ಹೆದರಿ ಅವರು ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ರೋಗಿಗಳನ್ನು ಭೇಟಿಮಾಡುವ ನಮ್ಮ ವಾರ್ಡಿನ ಗುರ್ಕಾರರು, ಸ್ತ್ರೀ ಸಂಘಟನೆಯವರು ಅಂಥವರಿಗೆ ಮಾತ್ರೆಯ ಚೀಟಿಯನ್ನು ಆಸ್ಪತ್ರೆಗೆ ಒಯ್ಯಲು ನೆನಪಿಸಿದರೆ ಉಪಕಾರವಾದೀತು.