ಹಿತ್ತಲಲ್ಲೇ ಓಡಲಿ ರೈಲು: ಇಂಜಿನ್‌ಗೆ ದುಡ್ಡು ಹಾಕೋ ಮುಂಚೆ ನೆಲ ಹದ ಮಾಡಿ

ಜಾತ್ರೆಯಲ್ಲಿ ಕೊಂಡ ಆಟದ ರೈಲು ನಾಲ್ಕು ದಿನಕ್ಕೆ ಅಟ್ಟ ಸೇರುತ್ತೆ. ಅದೇ ರೈಲು ತುಳಸಿ ಕಟ್ಟೆ ಸುತ್ತ, ಜಲ್ಲಿ ಮೇಲಿನ ಹಳಿಯಲ್ಲಿ ಓಡಿದ್ರೆ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ನಿಂತು ನೋಡ್ತಾರೆ. ಇದಕ್ಕೆ ಗಾರ್ಡನ್ ರೈಲ್ವೆ ಅಂತ ಹೆಸರು.

ಜರ್ಮನಿಯ ಲೇಹ್ಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಹೆಸರಲ್ಲಿ ಬಯಲಲ್ಲೂ ಓಡುವ ಮಾದರಿ ರೈಲು ತಂದಿತು. ಹಳಿಗಳ ಅಂತರ 45 ಮಿ.ಮೀ., ಅಳತೆ 1:22.5. ಅಂದ್ರೆ ಮೀಟರ್ ಗೇಜ್‌ನ ಚಿಕ್ಕ ರೂಪ. ತಾಳಗುಪ್ಪ, ಚಾಮರಾಜನಗರ ಕಡೆ ಹಳೇ ಮೀಟರ್ ಗೇಜ್ ರೈಲು ಹತ್ತಿದವರಿಗೆ ಇದು ನೆನಪಿನ ಬಂಡಿಯೂ ಹೌದು.

ಎಷ್ಟು ಜಾಗ ಬೇಕು?

ಐದು ಅಡಿ ಉದ್ದ, ಐದು ಅಡಿ ಅಗಲ ಸಾಕು. ಎಲ್‌ಜಿಬಿಯ ಅತಿ ಚಿಕ್ಕ ತಿರುವಿನ ತ್ರಿಜ್ಯ 60 ಸೆಂ.ಮೀ. ಅಂಥ 12 ತುಂಡು ಜೋಡಿಸಿದ್ರೆ ಒಂದು ಸುತ್ತು ಪೂರ್ತಿ. ಉದ್ದದ ಬೋಗಿಗಳಿಗೆ ಈ ತಿರುವು ಇಕ್ಕಟ್ಟು. ಚಿಕ್ಕ ಇಂಜಿನ್, ಎರಡು ಗಿಡ್ಡ ಬೋಗಿಯಿಂದ ಶುರು ಮಾಡಿ.

ಹಳಿಗೆ ಕರೆಂಟ್ ಬೇಡ

ಜೇಬು ಉಳಿಯೋದೇ ಇಲ್ಲಿ. ಹಳಿಯಲ್ಲಿ ವಿದ್ಯುತ್ ಹರಿಸಬೇಕಾದ್ರೆ ಹಿತ್ತಾಳೆಯಂಥ ಲೋಹದ ಹಳಿಯೇ ಬೇಕು. ಧೂಳು, ಇಬ್ಬನಿ, ಕಿಲುಬು ಕೂತಂತೆ ಒರೆಸ್ತಾನೇ ಇರ್ಬೇಕು. ಬ್ಯಾಟರಿ ಇಂಜಿನ್ ಒಳಗೇ ಇದ್ರೆ ಪ್ಲಾಸ್ಟಿಕ್ ಹಳಿಯೂ ನಡೆಯುತ್ತೆ. ಕೊಳ್ಳುವಾಗ 45 ಮಿ.ಮೀ. ಅಂತರ ಇದೆಯಾ ಅಂತ ಸ್ಕೇಲ್ ಹಿಡಿದು ನೋಡಿ. ಅಗ್ಗದ ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗಿ ಸೀಳುತ್ತೆ, ಆಟ ಮುಗಿದ ಮೇಲೆ ಎತ್ತಿಡಿ.

ಬ್ಯಾಟರಿ ಬಿಟ್ಟು ಕರೆಂಟ್ ರೈಲನ್ನೇ ತಂದರೆ ಅದರದ್ದೇ ಟ್ರಾನ್ಸ್‌ಫಾರ್ಮರ್ ಬಳಸಿ, ಅದು ಮನೆಯೊಳಗೇ ಇರಲಿ. 230 ವೋಲ್ಟ್ ವೈರು ಎಂದಿಗೂ ಹಳಿಗೆ ತಾಗಬಾರದು. ಅದು ಜೀವದ ಪ್ರಶ್ನೆ.

ನೆಲದ ಕೆಲಸ

ಹಳಿ ಹಾಯುವ ದಾರಿಯಲ್ಲಿ ನಾಲ್ಕು ಇಂಚು ಮಣ್ಣು ತೆಗೆದು, ಹಳೇ ಸಿಮೆಂಟ್ ಚೀಲಕ್ಕೆ ನೀರಿಳಿಯಲು ತೂತು ಮಾಡಿ ಹಾಸಿ. ಗರಿಕೆ ಮೇಲೇಳೋದು ಕಮ್ಮಿ ಆಗುತ್ತೆ. ಮೇಲೆ ಕ್ರಷರ್‌ನ ಸಣ್ಣ ಜಲ್ಲಿ ತುಂಬಿ ದಮ್ಮಸ್ಸು ಮಾಡಿ. ಹೊಳೆಯ ಗುಂಡು ಕಲ್ಲು ಬೇಡ, ಉರುಳುತ್ತೆ. ಮೂಲೆ ಇರುವ ಜಲ್ಲಿ ಒಂದಕ್ಕೊಂದು ಕಚ್ಚಿ ನಿಲ್ಲುತ್ತೆ. ಮಳೆ ಜಾಸ್ತಿ ಇರೋ ಕಡೆ ಇಟ್ಟಿಗೆ ಸಾಲಿನ ಮೇಲೆ ಎತ್ತರಿಸೋದು ಒಳ್ಳೇದು.

ಮಟ್ಟಗೋಲು ಇಟ್ಟು ನೋಡಿ. ಏರು ಬೇಕೇ ಬೇಕು ಅಂದ್ರೆ ಒಂದು ಮೀಟರಿಗೆ ಎರಡು ಸೆಂ.ಮೀ. ಮೀರದಿರಲಿ. ಲೋಹದ ಹಳಿಯನ್ನು ಕಾಂಕ್ರೀಟಿಗೆ ಬಿಗಿಯಾಗಿ ಸ್ಕ್ರೂ ಮಾಡ್ಬೇಡಿ. ಹತ್ತು ಮೀಟರ್ ಹಿತ್ತಾಳೆ ಹಳಿ 30 ಡಿಗ್ರಿ ಹೆಚ್ಚು ಕಾದರೆ ಸುಮಾರು ಆರು ಮಿ.ಮೀ. ಹಿಗ್ಗುತ್ತೆ. ಜಾಗ ಸಿಗದಿದ್ರೆ ಸೊಟ್ಟಗಾಗುತ್ತೆ.

ಸ್ಟೇಷನ್ ಮನೆಯಲ್ಲೇ

ಹತ್ತಡಿ ಎತ್ತರದ ಕಟ್ಟಡ ಈ ಅಳತೆಯಲ್ಲಿ ಹದಿಮೂರೂವರೆ ಸೆಂ.ಮೀ. ಒಡೆದ ಹೆಂಚಿನ ಚೂರು, ಸಿಮೆಂಟ್ ಇದ್ರೆ ಸಾಕು. ಮರಗಳ ಬದಲು ಕತ್ತರಿಸಿ ಗಿಡ್ಡ ಮಾಡಿದ ದೊಡ್ಡಪತ್ರೆ, ಬೇಲಿಗೆ ಟೇಬಲ್ ರೋಸ್.

ಜಲ್ಲಿ, ಇಟ್ಟಿಗೆ, ಮಟ್ಟಗೋಲು ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ. ಹೊರದೇಶದ ದುಬಾರಿ ಇಂಜಿನ್‌ಗೆ ಅವಸರ ಬೇಡ. ಒಂದು ಮಳೆಗಾಲ ಕಳೆದ ಮೇಲೂ ಜಲ್ಲಿ ಕುಸಿಯದೆ, ನೀರು ನಿಲ್ಲದೆ ಇದ್ರೆ ಆಗ ಯೋಚಿಸಿ. ಕುಸಿದ್ರೂ ಹೋಗೋದು ಒಂದು ಬುಟ್ಟಿ ಜಲ್ಲಿ ಮಾತ್ರ.